ಎರಡಡಿ ಗೋಡೆ, ಎರಡು ಥರ್ಮಾಮೀಟರು

ಏಪ್ರಿಲ್ ತಿಂಗಳ ಬೆಳಗು, ಆರೂವರೆ ಗಂಟೆ. ಕಲಬುರಗಿ ಜಿಲ್ಲೆ, ಭೀಮಾ ದಂಡೆಯ ಯಾವುದಾದರೂ ಒಂದು ಹಳ್ಳಿ ಎಂದುಕೊಳ್ಳಿ. ಅಗಸಿ ದಾಟಿ, ಹನುಮಂತದೇವರ ಗುಡಿಯ ಕಟ್ಟೆ ಬಳಸಿ ಓಣಿಯೊಳಗೆ ಬಂದಿದ್ದೀರಿ. ಬಿಸಿಲು ಇನ್ನೂ ಗೋಡೆಗಳ ನೆತ್ತಿಯ ಮೇಲಷ್ಟೇ ಇದೆ. ನಿಮ್ಮ ಜೊತೆ ಎಂಟನೆಯ ತರಗತಿಯ ಒಂದಷ್ಟು ಮಕ್ಕಳು, ಅವರ ವಿಜ್ಞಾನದ ಸರ್. ಸರ್ ಕೈಯಲ್ಲಿ ಶಾಲೆಯ ಪ್ರಯೋಗಾಲಯದಿಂದ ತಂದ ಎರಡು ಥರ್ಮಾಮೀಟರು, ಒಂದು ಅಳತೆ ಟೇಪು, ನಾಲ್ಕಾರು ತುಂಡು ಸೀಮೆಸುಣ್ಣ. ಶಾಲೆಗೆ ರಜೆ ಬಿದ್ದಿದೆ. ಆದರೂ ಇವತ್ತಿನದು ಪುಸ್ತಕದ್ದೇ ಪಾಠ: ಉಷ್ಣ ಮತ್ತು ತಾಪಮಾನ. ಪಾಠ ನಡೆಯುವುದು ಎದುರಿಗಿರುವ ಮಾಳಿಗೆ ಮನೆಯಲ್ಲಿ.

ಒಬ್ಬ ಹುಡುಗ ಮನೆಯಿಂದ ಜ್ವರ ನೋಡುವ ಥರ್ಮಾಮೀಟರ್ ತಂದಿದ್ದಾನೆ. ಸರ್ ಅದನ್ನು ತಿರುಗಿಸಿ ನೋಡಿ ಅವನ ಕೈಗೇ ಕೊಡುತ್ತಾರೆ.

“ಇದು 35ರಿಂದ 42ರ ತನಕ ಅಷ್ಟೇ ತೋರಸ್ತದ. ಮನಷ್ಯಾರ ಮೈ ನೋಡಲಿಕ್ಕ ಮಾಡಿದ್ದು. ಮಧ್ಯಾಹ್ನ ಹೊರಗ ಇಟ್ರ ಒಡದೇ ಹೋದೀತು, ಜ್ವಾಕಿಲೇ ಕಿಸೇದಾಗ ಇಟ್ಕೊ.”

ಬಾಗಿಲ ಮುಂದೆ ನಿಲ್ಲಿ. ಎತ್ತರ ಕಡಿಮೆ, ತಲೆ ಬಗ್ಗಿಸದೆ ಒಳಗೆ ಹೋಗಲಾಗದು. ಅಂಗೈ ದಪ್ಪದ ಹಳೆಯ ಹಲಗೆಗಳು, ನಡುವೆ ಕಬ್ಬಿಣದ ಚಿಲಕ. ಸರ್ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಬಲಗೈಯನ್ನು ಹಲಗೆಯ ಮೇಲೆ, ಎಡಗೈಯನ್ನು ಚಿಲಕದ ಮೇಲೆ ಇಡಿಸುತ್ತಾರೆ. ನೀವೂ ಇಟ್ಟು ನೋಡಿ. ಚಿಲಕ ತಣ್ಣಗಿದೆ, ಹಲಗೆ ಹಾಗಿಲ್ಲ.

“ಎರಡರಾಗ ಯಾವುದರ ತಾಪಮಾನ ಕಡಿಮಿ?”

“ಚಿಲಕಂದ್ರಿ ಸರ!” ಎಲ್ಲರದೂ ಒಂದೇ ಧ್ವನಿ.

ಸರ್ ಹೌದೆನ್ನುವುದಿಲ್ಲ, ಅಲ್ಲವೆನ್ನುವುದಿಲ್ಲ. ಒಂದು ಥರ್ಮಾಮೀಟರಿನ ಬುರುಡೆಯನ್ನು ಚಿಲಕಕ್ಕೆ ಆನಿಸಿ ಮೇಲೆ ಹತ್ತಿ ಸುತ್ತಿ ದಾರದಿಂದ ಬಿಗಿಯುತ್ತಾರೆ. ಇನ್ನೊಂದನ್ನು ಹಲಗೆಯ ಸಂದಿಗೆ ಅದೇ ಬಗೆಯಲ್ಲಿ. ಐದು ನಿಮಿಷ ಕಾಯಬೇಕು. ಅಷ್ಟರಲ್ಲಿ ಯಾರೂ ಅವುಗಳ ಮೇಲೆ ಉಸಿರು ಬಿಡಬಾರದು, ಮುಟ್ಟಬಾರದು. ಐದು ನಿಮಿಷ ಕಳೆದ ಮೇಲೆ ಓದಲು ಮುಂದೆ ಬಂದ ಹುಡುಗಿ ಎರಡೆರಡು ಸಲ ಕಣ್ಣು ಹಾಯಿಸುತ್ತಾಳೆ. ಚಿಲಕ 26, ಹಲಗೆ 26. ಮಕ್ಕಳು ನಂಬುವುದಿಲ್ಲ. ಥರ್ಮಾಮೀಟರುಗಳನ್ನು ಅದಲು ಬದಲು ಮಾಡಿ ಮತ್ತೆ ಕಟ್ಟುತ್ತಾರೆ. ಮತ್ತೆ ಅದೇ.

ಇಲ್ಲಿ ಸರ್ ವಿವರಣೆ ಕೊಡುವ ಅವಸರ ತೋರುವುದಿಲ್ಲ. ಅದು ನನಗೆ ಬಹಳ ಹಿಡಿಸುತ್ತದೆ. ಕೈ ಒಂದು ಹೇಳಿತು, ಗಾಜಿನ ಕೊಳವೆ ಇನ್ನೊಂದು ಹೇಳಿತು. ಈ ಜಗಳ ಮಗುವಿನ ತಲೆಯಲ್ಲಿ ಅರ್ಧ ದಿನ ಕೂತಿರಬೇಕು. “ಮಧ್ಯಾಹ್ನ ಮತ್ತ ಮುಟ್ಟೂಣು” ಎಂದಷ್ಟೇ ಹೇಳಿ ಒಳಗೆ ನಡೆಯುತ್ತಾರೆ.

ಹೊಸ್ತಿಲು ದಾಟಿ. ಕಣ್ಣಿಗೆ ಕತ್ತಲೆ ಕವಿಯುತ್ತದೆ. ಸ್ವಲ್ಪ ಹೊತ್ತಿಗೆ ಪಡಸಾಲೆ ಕಾಣಿಸಿಕೊಳ್ಳುತ್ತದೆ: ಫರಸಿ ಕಲ್ಲು ಹಾಸಿದ ನೆಲ, ಗೋಡೆಯಲ್ಲಿ ದೀಪದ ಮಸಿ ಹಿಡಿದ ಮಾಡ, ಮೂಲೆಯಲ್ಲಿ ಒಂದರ ಮೇಲೊಂದು ಕೌದಿ. ಮನೆಯ ಆಯಿ ಒಲೆ ಮುಂದಿನಿಂದ ಎದ್ದು ಬಂದಿದ್ದಾರೆ.

“ಬರ್ರಿ ಸರ, ಕುಂದರ್ರಿ. ಚಾ ಮಾಡ್ತೀನಿ. ಇವೇನ ಹುಡುಗ್ರು ಮುಂಜಾನೆನ ನನ್ನ ಮನಿ ಅಳಿಲಿಕ್ಕ ಬಂದಾವ?”

“ನಿಮ್ಮ ಮನಿ ಪಾಠ ಹೇಳ್ತದ ಆಯಿ, ಕೇಳಲಿಕ್ಕ ಬಂದೀವಿ.”

ಪಡಸಾಲೆಯ ನಡುವೆ, ಗೋಡೆ ತಾಗದಂತೆ, ಮಕ್ಕಳ ಎದೆಮಟ್ಟಕ್ಕೆ ಥರ್ಮಾಮೀಟರ್ ತೂಗುಬೀಳುತ್ತದೆ. ಹೊರಗಿನದು ಹಿತ್ತಲ ಬೇವಿನ ನೆರಳಲ್ಲಿ. ಬಿಸಿಲು ನೇರವಾಗಿ ಬುರುಡೆಗೆ ಬಿದ್ದರೆ ಅದು ಗಾಳಿಯ ತಾಪಮಾನ ತೋರಿಸುವುದಿಲ್ಲ, ತಾನೇ ಕಾದದ್ದನ್ನು ತೋರಿಸುತ್ತದೆ. ಮೊದಲ ಓದು ಎಲ್ಲರನ್ನೂ ಬೆರಗುಗೊಳಿಸುತ್ತದೆ. ಹೊರಗೆ 26, ಒಳಗೆ 29.

“ಒಳಗ ಹೆಚ್ಚದಲ್ರೀ ಸರ! ಮಾಳಗಿ ಮನಿ ತಂಪ ಅಂತಾರ?”

ಒಳ್ಳೆಯ ಪ್ರಶ್ನೆ. ಮಾಳಿಗೆ ಮನೆ ತಂಪು ಎಂದು ಊರೆಲ್ಲ ಹೇಳುತ್ತದೆ, ಪಾಠ ಮಾಡುವವರೂ ಅದನ್ನೇ ಬರೆಸುತ್ತಾರೆ. ಬೆಳಗಿನ ಜಾವ ಥರ್ಮಾಮೀಟರ್ ಹಿಡಿದು ಒಳಗೆ ಹೊಕ್ಕವರು ಕಡಿಮೆ. ನೋಟ್‌ಬುಕ್ಕಿನಲ್ಲಿ ಎರಡು ಅಂಕಿ ಇಳಿಯುತ್ತವೆ. ಗಂಟೆಗೊಮ್ಮೆ ಓದುವ ಪಾಳಿ ಗೊತ್ತಾಗುತ್ತದೆ.

ಈಗ ತಲೆ ಎತ್ತಿ. ಮೇಲೆ ಅಡ್ಡಕ್ಕೆ ದಪ್ಪ ತೊಲೆ, ಅದರ ಮೇಲೆ ಗೇಣಿಗೊಂದು ಜಂತೆ, ಜಂತೆಗಳ ನಡುವೆ ಒತ್ತೊತ್ತಾಗಿ ಜೋಡಿಸಿದ ಕಟ್ಟಿಗೆ ತುಂಡು. ಹೊಗೆ ಕುಡಿದು ಎಲ್ಲವೂ ಕರ್ರಗಾಗಿ ಮಿರುಗುತ್ತಿವೆ. ಅದರಾಚೆಗಿನದು ಕಾಣುವುದಿಲ್ಲ, ಆಯಿ ಹೇಳಬೇಕು. ಚಹಾದ ಲೋಟ ಹಂಚುತ್ತ ಹೇಳುತ್ತಾರೆ:

“ಕಟಗಿ ಮ್ಯಾಲ ತೊಗರಿ ಕಟಗಿ ಹಾಸ್ತಾರ. ಅದರ ಮ್ಯಾಲ ಬೇವಿನ ತಪ್ಪಲ, ಹುಳ ಹತ್ತಬಾರದಂತ. ಆಮ್ಯಾಲ ಮಣ್ಣ ಹಾಕಿ ತುಳಿತಾರ. ಎಲ್ಲಾದಕ್ಕೂ ಮ್ಯಾಲ ಸವಳ ಮಣ್ಣ. ವರ್ಷಾ ಮಿರಗ ಕೂಡೂಕಿಂತ ಮೊದಲ ಸವಳ ಹಾಕಬೇಕು, ಇಲ್ಲಂದ್ರ ಸೋರತದ.”

ಸವಳು ಮಣ್ಣೆಂದರೆ ಬೆಳೆ ಬಾರದ, ಉಪ್ಪು ಕೂಡಿದ ಮಣ್ಣು. ಅದರಲ್ಲಿ ಸೋಡಿಯಂ ಹೆಚ್ಚು. ಮೊದಲ ಮಳೆ ಬಿದ್ದೊಡನೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ಸಂದುಗಳಲ್ಲಿ ಕೂತುಬಿಡುತ್ತವೆ. ನೀರು ಕೆಳಗಿಳಿಯಲು ದಾರಿ ಇಲ್ಲದೆ ಕುಂಬಿಯ ದೋಣಿಯಿಂದ ಹೊರಗೆ ಬೀಳುತ್ತದೆ. ಹೊಲಕ್ಕೆ ಶಾಪವಾದದ್ದೇ ಸೂರಿಗೆ ಆಸರೆ. ಇದು ರಸಾಯನಶಾಸ್ತ್ರದ ಪಾಠ, ಇನ್ನೊಂದು ದಿನಕ್ಕಿರಲಿ. ಇವತ್ತು ನಮಗೆ ಬೇಕಾದದ್ದು ಆ ಮಣ್ಣಿನ ದಪ್ಪ. ಏಣಿ ಹತ್ತಿದ ಹುಡುಗರು ಬೆಳಕಿಂಡಿಯ ಅಂಚಿನಲ್ಲಿ ಟೇಪು ಇಳಿಬಿಟ್ಟು ಕೂಗುತ್ತಾರೆ: “ಒಂದ ಫೂಟ್ರೀ ಸರ!” ಬಾಗಿಲ ಚೌಕಟ್ಟಿನಲ್ಲಿ ಗೋಡೆ ಅಳೆದವರು ಎರಡು ಅಡಿ ಎನ್ನುತ್ತಾರೆ. ಹೊರಗೂ ಒಳಗೂ ಕಲ್ಲು, ನಡುವೆ ಮಣ್ಣು ಮತ್ತು ಸಣ್ಣ ಕಲ್ಲುಚೂರು.

ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ಕೋಲನ್ನು ನೋಡಿ. ಒಲೆಯ ಹೊಗೆ ಆ ಕೋಲಿನೊಳಗೆ ಸುರುಳಿಯಾಗಿ ಮೇಲೇರಿ ಕಿಂಡಿಯಿಂದ ಹೊರಗೆ ಹೋಗುತ್ತಿದೆ. ಬಿಸಿಗಾಳಿ ಹಗುರ, ಮೇಲೇಳುತ್ತದೆ. ಅದು ಬಿಟ್ಟ ಜಾಗಕ್ಕೆ ಬಾಗಿಲಿಂದ ತಣ್ಣನೆ ಗಾಳಿ ಬರುತ್ತದೆ. ಸಂವಹನವನ್ನು ತೋರಿಸಲು ಶಾಲೆಯಲ್ಲಿ ಬೀಕರಿಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಹರಳು ಹಾಕುತ್ತೇವೆ. ಇಲ್ಲಿ ದಿನಾ ಬೆಳಗ್ಗೆ ರೊಟ್ಟಿ ಬಡಿಯುವ ಹೊತ್ತಿಗೆ ಅದು ತಾನಾಗಿ ಕಾಣುತ್ತದೆ.

ಮಧ್ಯಾಹ್ನ ಎರಡೂವರೆ. ಓಣಿಯಲ್ಲಿ ನಾಯಿ ಸಹ ಇಲ್ಲ. ಬೇವಿನ ನೆರಳಿನ ಥರ್ಮಾಮೀಟರು 41 ತೋರಿಸುತ್ತಿದೆ. ಪಡಸಾಲೆಯದು 32. ಬೆಳಗಿನಿಂದ ಹೊರಗೆ 15 ಡಿಗ್ರಿ ಏರಿದ್ದರೆ ಒಳಗೆ ಏರಿದ್ದು 3 ಮಾತ್ರ. ಬೆಳಗ್ಗೆ ಒಳಗೇ ಹೆಚ್ಚು ಎಂದು ಕೂಗಿದ ಹುಡುಗ ಈಗ ಎರಡೂ ಸಾಲುಗಳ ಮೇಲೆ ಬೆರಳಾಡಿಸುತ್ತ ಕೂತಿದ್ದಾನೆ. ಈ ಮನೆಗೆ ತಂಪು ಮಾಡುವ ಯಾವ ಯಂತ್ರವೂ ಇಲ್ಲ. ಅದು ಮಾಡುವುದು ಒಂದೇ: ಹಗಲು ರಾತ್ರಿಯ ಏರಿಳಿತವನ್ನು ಒಳಗೆ ಬಿಟ್ಟುಕೊಳ್ಳದಿರುವುದು.

“ನಡೀರಿ, ಚಿಲಕ ಮುಟ್ಟೂಣು.”

ಬಾಗಿಲು ಈಗ ನೆರಳಲ್ಲೇ ಇದೆ. ಆದರೂ ಚಿಲಕ ಮುಟ್ಟಿದವರು ತಟ್ಟನೆ ಕೈ ಹಿಂದೆಗೆಯುತ್ತಾರೆ. ಹಲಗೆ ಬೆಚ್ಚಗಿದೆ, ಅಷ್ಟೇ. ಬೆಳಗ್ಗೆ ಹಲಗೆಗಿಂತ ತಣ್ಣಗಿದ್ದ ಚಿಲಕ ಮಧ್ಯಾಹ್ನ ಹಲಗೆಗಿಂತ ಬಿಸಿ! ಥರ್ಮಾಮೀಟರು ಕಟ್ಟುತ್ತಾರೆ. ಎರಡೂ 41.

ಮಾತೆಲ್ಲ ನಿಂತಿದೆ. ಹಿಂದಿನ ಸಾಲಿನಲ್ಲಿ ನಿಂತಿದ್ದ, ಇಷ್ಟು ಹೊತ್ತೂ ಬಾಯಿ ಬಿಡದ ಹುಡುಗಿ ಮೆಲ್ಲಗೆ ಕೇಳುತ್ತಾಳೆ: “ಸರ, ಕಬ್ಬಿಣಕ್ಕ ನಮ್ಮ ಕೈಯಂದು ಲಗೂನ ಹೋಗ್ತದ, ಲಗೂನ ಬರ್ತದೇನ್ರಿ?”

ಅದೇ. ಅಂಗೈಯ ಚರ್ಮ ಸುಮಾರು 33 ಡಿಗ್ರಿ. ಬೆಳಗ್ಗೆ ಚಿಲಕ ಅದಕ್ಕಿಂತ ಕೆಳಗಿತ್ತು, ಕೈಯಿಂದ ಉಷ್ಣ ಚಿಲಕಕ್ಕೆ ಹರಿಯಿತು. ಈಗ ಚಿಲಕ ಮೇಲಿದೆ, ಉಷ್ಣ ಕೈಗೆ ಹರಿಯುತ್ತಿದೆ. ಕಬ್ಬಿಣದ ಮೂಲಕ ಉಷ್ಣ ಸಾಗುವಷ್ಟು ಬೇಗ ಕಟ್ಟಿಗೆಯ ಮೂಲಕ ಸಾಗುವುದಿಲ್ಲ. ಎರಡರ ನಡುವಿನ ಅಂತರ ನೂರಾರು ಪಟ್ಟು. ನಮ್ಮ ಕೈಗೆ ತಿಳಿಯುವುದು ಉಷ್ಣ ಹೋಗುವ, ಬರುವ ವೇಗ. ತಾಪಮಾನ ಅದಕ್ಕೆ ತಿಳಿಯದು. ಒಂದು ಚಿಲಕ ಒಂದೇ ದಿನದಲ್ಲಿ ಎರಡೂ ಕಡೆಯ ಸಾಕ್ಷಿ ಹೇಳಿತು. ಇದನ್ನು ಕರಿಹಲಗೆಯ ಮೇಲೆ ಬರೆದು ಕಲಿಸಲು ಹೊರಟರೆ ಎಷ್ಟು ತರಗತಿ ಬೇಕಾದೀತೆಂದು ಪಾಠ ಮಾಡಿದವರಿಗೆ ಗೊತ್ತು.

ಹಿತ್ತಲ ಮಗ್ಗುಲಿಗೆ ಪತ್ರಾಸಿನ ಶೆಡ್ಡು ಇದೆ, ಗೊಬ್ಬರದ ಚೀಲ ಇಡಲಿಕ್ಕೆ ಹಾಕಿದ್ದು. ಅದರೊಳಗೆ ಒಂದು ನಿಮಿಷ ನಿಲ್ಲಿ. ಗಾಳಿಯ ತಾಪಮಾನ 44, ಹೊರಗಿಗಿಂತ ಮೂರೇ ಡಿಗ್ರಿ ಹೆಚ್ಚು. ಆದರೆ ನೆತ್ತಿ ಉರಿಯುತ್ತಿದೆ. ಸರ್ ಹೇಳಿದಂತೆ ನೋಟ್‌ಬುಕ್ಕನ್ನು ತಲೆಯ ಮೇಲೆ, ಮುಟ್ಟದ ಹಾಗೆ ಹಿಡಿಯಿರಿ. ಉರಿ ಆ ಕ್ಷಣವೇ ನಿಲ್ಲುತ್ತದೆ. ತೆಗೆಯಿರಿ, ಮತ್ತೆ ಉರಿ. ನಡುವಿನ ಗಾಳಿ ಬದಲಾಗಲಿಲ್ಲ. ಕಾದ ತಗಡಿನಿಂದ ನೇರವಾಗಿ ತಲೆಗೆ ಬೀಳುತ್ತಿದ್ದುದು ವಿಕಿರಣ, ಅದನ್ನು ತಡೆದದ್ದು ಇನ್ನೂರು ಪುಟದ ನೋಟ್‌ಬುಕ್ಕು. ಮಕ್ಕಳು ಇದನ್ನು ಆಟದಂತೆ ಹತ್ತು ಸಲ ಮಾಡುತ್ತಾರೆ. ಮಾಡಲಿ.

ಪಡಸಾಲೆಗೆ ವಾಪಸು. ಆಯಿ ಹರವಿಯಿಂದ ನೀರು ಕೊಟ್ಟಿದ್ದಾರೆ. ಈಗ ಇಡೀ ದಿನದ ಮುಖ್ಯ ಕೆಲಸ, ನೆಲದ ಫರಸಿ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ. ಸರ್ ಕೇಳುತ್ತಾರೆ: ಗೋಡೆಯ ಒಂದು ತುಂಡು ತಗೊಳ್ಳೋಣ, ಒಂದು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರ. ಅಷ್ಟೇ ಅಳತೆಯ ಪತ್ರಾಸಿನ ಹಾಳೆ ಇನ್ನೊಂದು. ಎರಡನ್ನೂ ಒಂದೊಂದು ಡಿಗ್ರಿ ಏರಿಸಲು ಎಷ್ಟೆಷ್ಟು ಉಷ್ಣ ಬೇಕು?

ಗೋಡೆಯ ದಪ್ಪ 60 ಸೆಂಟಿಮೀಟರ್. ಗಾತ್ರ ಒಂದೂವರೆ ಘನ ಮೀಟರ್. ಕಲ್ಲುಮಣ್ಣಿನ ಗೋಡೆ ಘನ ಮೀಟರಿಗೆ ಸುಮಾರು 1,800 ಕಿಲೋ ತೂಗುತ್ತದೆ. ಅಂದರೆ ಈ ತುಂಡು 2,700 ಕಿಲೋ, ಒಂದು ಟ್ರಾಕ್ಟರ್ ಟ್ರಾಲಿಯ ಹೇರು. ಇಂಥ ಗೋಡೆಯ ಒಂದು ಕಿಲೋವನ್ನು ಒಂದು ಡಿಗ್ರಿ ಏರಿಸಲು ಸುಮಾರು 0.9 ಕಿಲೋಜೂಲ್ ಬೇಕು. ಗುಣಿಸಿದರೆ 2,430 ಕಿಲೋಜೂಲ್. ಪತ್ರಾಸಿನ ದಪ್ಪ ಅರ್ಧ ಮಿಲಿಮೀಟರ್. ತೂಕ ಹತ್ತು ಕಿಲೋ ಒಳಗೆ. ಕಬ್ಬಿಣಕ್ಕೆ ಕಿಲೋಗೆ 0.45 ಕಿಲೋಜೂಲ್. ಗುಣಿಸಿದರೆ ನಾಲ್ಕೂವರೆ ಕಿಲೋಜೂಲ್ ಹತ್ತಿರ.

ಅಂಕಿ ಸುಮ್ಮನೆ ಅಂಕಿಯಾಗಿ ಉಳಿಯಬಾರದು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಬೇಕಾದದ್ದು 4.2 ಕಿಲೋಜೂಲ್. ಹಾಗಾದರೆ ಪತ್ರಾಸಿನ ಹಾಳೆಯನ್ನು ಒಂದು ಡಿಗ್ರಿ ಏರಿಸುವುದೂ ಒಂದು ಬಾಟಲಿ ನೀರನ್ನು ಒಂದು ಡಿಗ್ರಿ ಏರಿಸುವುದೂ ಹೆಚ್ಚು ಕಡಿಮೆ ಒಂದೇ. ಗೋಡೆಯ ತುಂಡಿಗೆ? ಭಾಗಾಕಾರ ಮಾಡಿದ ಹುಡುಗ ನಿಂತಲ್ಲೇ ಕೂಗುತ್ತಾನೆ: “ಸರ, 580 ಲೀಟರ್!” ಇನ್ನೂರು ಲೀಟರಿನ ಡ್ರಮ್ಮುಗಳು ಸುಮಾರು ಮೂರು. ಹಿತ್ತಲಲ್ಲಿ ಡ್ರಮ್ಮು ಇದೆ, ಮಕ್ಕಳು ಹೋಗಿ ನೋಡಿ ಬರುತ್ತಾರೆ. ಅದರ ಪಕ್ಕ ಒಂದು ನೀರಿನ ಬಾಟಲಿ ಇಡುತ್ತಾರೆ.

“ಹಂಗಾದ್ರ ಗ್ವಾಡಿ ಬಿಸಲಽ ತಗೋಂಗಿಲ್ಲೇನ್ರಿ?”

“ತಗೋತದ. ಪತ್ರಾಸಿಗೆ ಬಿದ್ದಷ್ಟಽ ಬಿಸಲ ಗ್ವಾಡಿಗೂ ಬಿದ್ದದ. ಉಷ್ಣ ಬಂತು, ಖರೆ. ತಾಪಮಾನ ಎಷ್ಟ ಏರ್ತು?”

ಪಾಠ ಇಲ್ಲಿಗೆ ಬಂದು ಮುಟ್ಟಬೇಕಿತ್ತು, ಮುಟ್ಟಿತು. ಒಂದೇ ಬಿಸಿಲು, ಒಂದೇ ಅಗಲ. ಒಂದು ಕೈಸುಡುವಷ್ಟು ಕಾದಿದೆ, ಇನ್ನೊಂದು ಅಲುಗಲೇ ಇಲ್ಲ. ಉಷ್ಣ ಬೇರೆ, ತಾಪಮಾನ ಬೇರೆ ಎಂಬುದನ್ನು ಹೇಳಲು ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. ಯುರೋಪಿನ ವಿದ್ವಾಂಸರಿಗೂ ಇದು ಸುಲಭವಾಗಿ ಹೊಳೆದದ್ದಲ್ಲ. ಥರ್ಮಾಮೀಟರು ಬಳಕೆಗೆ ಬಂದು ನೂರು ವರ್ಷ ಕಳೆದರೂ ಎರಡನ್ನೂ ಒಂದೇ ಎಂದು ತಿಳಿದವರಿದ್ದರು. 1760ರ ಸುಮಾರಿಗೆ ಗ್ಲಾಸ್ಗೋದಲ್ಲಿ ಜೋಸೆಫ್ ಬ್ಲ್ಯಾಕ್ ಎಂಬ ವೈದ್ಯ, ರಸಾಯನಶಾಸ್ತ್ರಜ್ಞ, ಇವುಗಳನ್ನು ಬಿಡಿಸಿ ತೋರಿಸಿದ. ಅಷ್ಟು ತೊಡಕಿನ ವಿಚಾರವನ್ನು ಎಂಟನೆಯ ತರಗತಿಯ ಮಗು ಎರಡು ಸಾಲಿನ ವ್ಯಾಖ್ಯೆಯಿಂದ ಅರ್ಥ ಮಾಡಿಕೊಳ್ಳಬೇಕೆಂದು ಬಯಸುವುದು ಅನ್ಯಾಯ.

ಇಲ್ಲಿ ಸರ್ ಒಂದು ಎಚ್ಚರಿಕೆಯನ್ನೂ ಕೊಡುತ್ತಾರೆ. ಗೋಡೆಯೊಳಗೆ ಉಷ್ಣ ತುಂಬಿದೆ ಎನ್ನುವುದು ಬಾಯಿಮಾತು. ಒಳಗೆ ಇರುವುದು ಕಣಗಳ ಆಂತರಿಕ ಶಕ್ತಿ. ಹೆಚ್ಚು ತಾಪಮಾನದ ಕಡೆಯಿಂದ ಕಡಿಮೆ ತಾಪಮಾನದ ಕಡೆಗೆ ದಾಟುವಾಗ ಮಾತ್ರ ಅದಕ್ಕೆ ಉಷ್ಣ ಎಂಬ ಹೆಸರು.

ಹರವಿಯ ಮೇಲೆ ಕೈ ಇಡಿ, ಒದ್ದೆ. ಸರ್ ಥರ್ಮಾಮೀಟರಿನ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಬೀಸಣಿಗೆ ಬೀಸುತ್ತಾರೆ. ಕೆಂಪು ಗೆರೆ ಸರಸರನೆ ಇಳಿದು 22ರ ಹತ್ತಿರ ನಿಲ್ಲುತ್ತದೆ. ಒಣ ಬುರುಡೆಗೆ ಎಷ್ಟು ಬೀಸಿದರೂ ಕದಲುವುದಿಲ್ಲ. ಫ್ಯಾನು ಗಾಳಿಯ ತಾಪಮಾನವನ್ನು ಇಳಿಸುವುದಿಲ್ಲ ಎಂದು ಕೇಳಿ ಮಕ್ಕಳಿಗೆ ಆಶ್ಚರ್ಯ. ಒಂದು ಲೀಟರ್ ನೀರು ಈ ಬಿಸಿಯಲ್ಲಿ ಆವಿಯಾಗುವಾಗ ಸುಮಾರು 2,400 ಕಿಲೋಜೂಲ್ ಉಷ್ಣವನ್ನು ಒಯ್ಯುತ್ತದೆ. ಆ ಅಂಕಿಯನ್ನು ಎಲ್ಲೋ ನೋಡಿದಂತಿದೆಯೆ? ಫರಸಿ ಮೇಲೆ ನೋಡಿ. 2,700 ಕಿಲೋ ಗೋಡೆಯನ್ನು ಒಂದು ಡಿಗ್ರಿ ಏರಿಸಲು ಬೇಕಾದದ್ದೂ ಹತ್ತಿರ ಹತ್ತಿರ ಅಷ್ಟೇ. ಸಂಜೆ ಆಯಿ ಅಂಗಳಕ್ಕೆ ಒಂದು ಕೊಡ ನೀರು ಥಳಿ ಹೊಡೆಯುವುದನ್ನು ಮಕ್ಕಳು ಈಗ ಬೇರೆ ಕಣ್ಣಿನಿಂದ ನೋಡುತ್ತಾರೆ.

ರಾತ್ರಿ ಎಂಟು ಗಂಟೆ. ಎದುರಿನ ಸ್ಲ್ಯಾಬಿನ ಮನೆಗೆ ಬನ್ನಿ. ಹೊಸ ಮನೆ, ನುಣ್ಣನೆ ಟೈಲ್ಸು, ಎರಡು ಫ್ಯಾನು ತಿರುಗುತ್ತಿವೆ. ಸೂರ್ಯ ಮುಳುಗಿ ಗಂಟೆಯ ಮೇಲಾಗಿದೆ, ಓಣಿಯಲ್ಲಿ ಗಾಳಿ ಆಡುತ್ತಿದೆ, ಒಳಗೆ ಮಾತ್ರ ಕೂರಲಾಗುತ್ತಿಲ್ಲ. ಮಂಚದ ಮೇಲೆ ನಿಂತು ಸ್ಲ್ಯಾಬಿಗೆ ಅಂಗೈ ಆನಿಸಿದರೆ ಬಿಸಿ. ಮನೆಯಾತ ಹೇಳುತ್ತಾರೆ: “ಹಗಲೆಲ್ಲ ಹ್ಯಾಂಗರ ನಡೀತದ್ರಿ, ಊಟದ ಹೊತ್ತಿಗೆ ಮ್ಯಾಲಿಂದ ಉರಿ ಇಳೀತದ.”

ಅವರ ಮಾತು ತೂಕದ್ದು. ಉರಿ ನಿಜವಾಗಿಯೂ ಇಳಿಯುತ್ತದೆ, ಇಳಿಯಲು ಹೊತ್ತು ತಗೊಳ್ಳುತ್ತದೆ. ತಗಡಿಗೆ ಆ ಹೊತ್ತು ಇಲ್ಲವೇ ಇಲ್ಲ. ನಾಲ್ಕೂವರೆ ಇಂಚಿನ ಕಾಂಕ್ರೀಟಿಗೆ ಮೂರು ಗಂಟೆಯ ಮೇಲೆ. ಒಂದು ಅಡಿ ಮಣ್ಣಿಗೆ ಸುಮಾರು ಹತ್ತು ಗಂಟೆ. ಜೊತೆಗೆ ದಾರಿಯುದ್ದಕ್ಕೂ ಏರಿಳಿತ ಸವೆಯುತ್ತ ಹೋಗುತ್ತದೆ: ನಾಲ್ಕೂವರೆ ಇಂಚು ಕಾಂಕ್ರೀಟ್ ದಾಟಿದಾಗ ಅರ್ಧದಷ್ಟು ಉಳಿದಿದ್ದರೆ, ಅಡಿ ಮಣ್ಣು ದಾಟಿದಾಗ ಹತ್ತರಲ್ಲಿ ಒಂದು ಪಾಲೂ ಉಳಿದಿರುವುದಿಲ್ಲ. ಎರಡಡಿ ಗೋಡೆಯಲ್ಲಂತೂ ಹಗಲಿನ ಬಿಸಿಲು ಅರ್ಧ ದಾರಿ ಹೋಗುವಷ್ಟರಲ್ಲಿ ರಾತ್ರಿಯಾಗುತ್ತದೆ. ಹೊರಮೈಯ ತಣ್ಣನೆ ಗಾಳಿ ಅದರ ಬಹುಪಾಲನ್ನು ಬಂದ ದಾರಿಯಿಂದಲೇ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಈ ಗಣಿತವನ್ನು ಫ್ರಾನ್ಸಿನ ಜೋಸೆಫ್ ಫೂರಿಯೇ 1822ರಲ್ಲಿ ಪ್ರಕಟವಾದ ತನ್ನ ಉಷ್ಣದ ಗ್ರಂಥದಲ್ಲಿ ಕಟ್ಟಿಕೊಟ್ಟ. ದಿನದ ಏರಿಳಿತ ಇಷ್ಟು ಆಳಕ್ಕೆ ಹೋದರೆ ವರ್ಷದ ಏರಿಳಿತ ಅದರ 19 ಪಟ್ಟು ಆಳಕ್ಕೆ ಹೋಗುತ್ತದೆ ಎಂಬುದೂ ಅದೇ ಗಣಿತದಿಂದ ಬರುತ್ತದೆ. ಜೋಳ ತುಂಬಿಡುತ್ತಿದ್ದ ನಮ್ಮ ಹಗೇವುಗಳನ್ನು ನೆಲದಾಳಕ್ಕೆ ತೋಡುತ್ತಿದ್ದರು. ಬೇಸಿಗೆಯ ಬಿಸಿ ಅಲ್ಲಿಗೆ ತಲುಪುವುದು ಬಹಳ ತಡವಾಗಿ, ಬಹಳ ಸೋತು.

ಮಧ್ಯಾಹ್ನ ಎರಡಕ್ಕೆ ಮಾಳಿಗೆಯ ಮೇಲೆ ಬಿದ್ದದ್ದು ಹತ್ತು ಗಂಟೆ ನಡೆದರೆ ಪಡಸಾಲೆಗೆ ಇಳಿಯುವುದು ನಡುರಾತ್ರಿಗೆ. ಆಗ ಮನೆಯವರು ಎಲ್ಲಿರುತ್ತಾರೆ? ಏಣಿ ಹತ್ತಿ ನೋಡಿ. ಎಲ್ಲರೂ ಮಾಳಿಗೆಯ ಮೇಲೆ! ಕೌದಿ ಹಾಸಿ, ತಲೆದಿಂಬು ಹಾಕಿ ಆಗಿದೆ. ಕೆಳಗಿನ ಕೋಣೆ ಬೆಚ್ಚಗಾಗುವ ಹೊತ್ತಿಗೆ ಕೋಣೆಯಲ್ಲಿ ಯಾರೂ ಇಲ್ಲ. ಬೆಳಕಿಂಡಿ, ಬಾಗಿಲು ತೆರೆದಿವೆ, ಬಿಸಿಗಾಳಿ ಮೇಲಿನಿಂದ ಹೋಗುತ್ತಿದೆ. ಸರ್ ಒಂದು ಥರ್ಮಾಮೀಟರನ್ನು ಬಯಲಿಗೆ ತೆರೆದು ಇಟ್ಟಿದ್ದಾರೆ, ಇನ್ನೊಂದನ್ನು ಅಲ್ಲೇ ಹಾಕಿದ ಮಂಚದ ಕೆಳಗೆ. ಒಂದೇ ಗಾಳಿ, ಆದರೂ ಬಯಲಿನದು ಎರಡು ಡಿಗ್ರಿ ಕೆಳಗಿದೆ. ಮೋಡವಿಲ್ಲದ ಒಣ ಆಕಾಶಕ್ಕೆ ಅದು ತನ್ನ ಉಷ್ಣವನ್ನು ವಿಕಿರಣವಾಗಿ ಬಿಡುತ್ತಿದೆ. ಮಾಳಿಗೆಯ ಮಣ್ಣೂ ಅದನ್ನೇ ಮಾಡುತ್ತಿದೆ. ಬೆಳಗಿನ ಜಾವಕ್ಕೆ ಮೈಮೇಲೆ ಕೌದಿ ಎಳೆದುಕೊಳ್ಳಬೇಕಾಗುತ್ತದೆ.

ಬೆಳಗ್ಗೆ ಒಳಗೆ 29, ಹೊರಗೆ 26 ಏಕಿತ್ತು ಎಂದು ಈಗ ಯಾರೂ ಕೇಳುತ್ತಿಲ್ಲ. ನಿನ್ನೆಯ ಮಧ್ಯಾಹ್ನದ್ದು ಅದು, ತಡವಾಗಿ ಬಂದದ್ದು.

ಇಷ್ಟೆಲ್ಲ ನೋಡಿದ ಮೇಲೆ ಒಂದು ಮಾತನ್ನು ಮುಚ್ಚಿಡಬಾರದು. ಜನ ಈ ಮನೆಗಳನ್ನು ಬಿಟ್ಟದ್ದು ತಿಳಿಗೇಡಿತನದಿಂದಲ್ಲ. ವರ್ಷಾ ಸವಳು ಹೊತ್ತು ತುಳಿಯಲು ಆಳು ಸಿಗುವುದಿಲ್ಲ. ಮಳೆ ಹೆಚ್ಚಾದರೆ ಸೋರುತ್ತದೆ, ಗೆದ್ದಲು ಹತ್ತುತ್ತದೆ, ಒಳಗೆ ಬೆಳಕು ಕಡಿಮೆ. ಅದಕ್ಕಿಂತ ದೊಡ್ಡ ಭಯ ಇನ್ನೊಂದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಇಲ್ಲಿಂದ ಬಹಳ ದೂರವಲ್ಲದ ಲಾತೂರಿನ ಕಿಲ್ಲಾರಿಯಲ್ಲಿ ನೆಲ ನಡುಗಿದಾಗ ಇಂಥವೇ ಕಲ್ಲುಮಣ್ಣಿನ ಗೋಡೆ, ಇಂಥದೇ ಮಣ್ಣಿನ ಮಾಳಿಗೆ ಮಲಗಿದ್ದವರ ಮೇಲೆ ಕುಸಿದವು. ಸಾವಿರಾರು ಜನ ಸತ್ತರು. ಬಿಸಿಲು ತಡೆದ ಆ ತೂಕವೇ ಅಂದು ಕೊಂದಿತು. ಮಕ್ಕಳಿಗೆ ಇದನ್ನೂ ಹೇಳಬೇಕು, ಅದೇ ಪಡಸಾಲೆಯಲ್ಲಿ ಕೂತು ಹೇಳಬೇಕು. ಗೋಡೆಯ ಆರಪಾರ ಹೋಗುವ ಉದ್ದಕಲ್ಲು, ಬಾಗಿಲ ಮೇಲುಮಟ್ಟದಲ್ಲಿ ಸುತ್ತ ಕಟ್ಟುವ ಪಟ್ಟಿ, ಮಾಳಿಗೆಯ ಭಾರವನ್ನು ಗೋಡೆಯ ಬದಲು ಹೊರುವ ಗಟ್ಟಿ ಕಂಬ, ಇವು ಇದ್ದರೆ ಇಂಥ ಮನೆ ಹೆಚ್ಚು ತಡೆದುಕೊಳ್ಳುತ್ತದೆ. ಹಳೆಯದನ್ನು ಹೊಗಳಿ ಬಿಟ್ಟರೆ ಅದು ವಿಜ್ಞಾನವಾಗುವುದಿಲ್ಲ.

ಸ್ಲ್ಯಾಬಿನ ಮನೆಯ ಹುಡುಗಿ ಕೇಳಿದಳು: “ನಮ್ಮನಿಗಿ ಏನ್ ಮಾಡಬೇಕ್ರಿ ಸರ?” ಮೇಲ್ಗಡೆಗೆ ದಪ್ಪಗೆ ಸುಣ್ಣ ಬಳಿ, ಬಿಸಿಲಿನ ಬಹುಪಾಲು ಹಿಂದಕ್ಕೆ ಹೋಗುತ್ತದೆ. ತೊಗರಿ ಕಟ್ಟಿಗೆಯ ಹೊರೆ ಹರಡಿ ನೆರಳು ಮಾಡು. ಅರ್ಧ ಸ್ಲ್ಯಾಬಿಗೆ ಬಳಿದು ಅರ್ಧ ಬಿಟ್ಟು, ಕೆಳಗೆ ಎರಡೂ ಕಡೆ ಥರ್ಮಾಮೀಟರು ಕಟ್ಟಿ ನೋಡು. ಅವಳ ರಜೆಗೆ ಅಷ್ಟು ಕೆಲಸ ಸಾಕು.

ಇದು ಬಯಲುಸೀಮೆಯ ಮನೆಯ ಪಾಠ. ಬೇರೆ ಹವೆಯಲ್ಲಿ ಮನೆ ಬೇರೆ ಪಾಠ ಹೇಳುತ್ತದೆ. ಮಲೆನಾಡಿನ ಹೆಂಚಿನ ಮನೆಯಲ್ಲಿ ಸೂರಿಗೂ ಕೋಣೆಗೂ ನಡುವಿನ ಅಟ್ಟದ ಗಾಳಿಯೇ ತಡೆ. ಪಪುವಾದ ಚಳಿಯ ಬೆಟ್ಟಸೀಮೆಯಲ್ಲಿ ಹೊನಾಯಿ ಎಂಬ ದುಂಡು ಗುಡಿಸಲುಗಳಿವೆ: ಕಿಟಕಿ ಇಲ್ಲ, ಬಾಗಿಲು ಗಿಡ್ಡ, ನಡುವೆ ಬೆಂಕಿ, ಮೇಲೆ ದಪ್ಪ ಹುಲ್ಲು. ಅಲ್ಲಿ ಬೇಕಾದದ್ದು ಒಳಗಿನ ಉಷ್ಣ ಹೊರಗೆ ಹೋಗದಿರುವುದು, ಅದಕ್ಕೆ ಹುಲ್ಲಿನೊಳಗೆ ಸಿಕ್ಕಿಕೊಂಡ ಗಾಳಿ ಸಾಕು, ಭಾರದ ಗೋಡೆ ಬೇಕಿಲ್ಲ.

ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿಗೆ ಜೋಡಿಸಬೇಕೆಂಬುದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮೊದಲ ಸೂತ್ರ. ವಿಜ್ಞಾನದ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಊರಲ್ಲಿ ಒಂದು ಮಾಳಿಗೆ ಮನೆಯಾದರೂ ನಿಂತಿದ್ದರೆ ಈ ಬೇಸಿಗೆಯಲ್ಲೇ ಹೋಗಿ, ಬರುವ ವರ್ಷಕ್ಕೆ ಬಿಡಬೇಡಿ. ಎರಡು ಥರ್ಮಾಮೀಟರು, ಒಂದು ಟೇಪು ಸಾಕು. ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಗಂಟೆಗೊಮ್ಮೆ ಮಕ್ಕಳಿಂದಲೇ ಬರೆಸಿ. ಗೋಡೆಯ ದಪ್ಪ, ಮಾಳಿಗೆಯ ಪದರು, ಸವಳು ಎಲ್ಲಿಂದ ತಂದರೆಂಬುದನ್ನು ಮನೆಯ ಹಿರಿಯರಿಂದ ಕೇಳಿ ಅದೇ ಪುಸ್ತಕದಲ್ಲಿ ಬರೆಸಿ. ಮನೆ ಕೆಡವಲು ಜೆಸಿಬಿಗೆ ಅರ್ಧ ದಿನ ಸಾಕು; ಆ ಅಂಕಿಗಳು ಆಮೇಲೆ ಎಲ್ಲಿಯೂ ಸಿಗುವುದಿಲ್ಲ.